ಹಪ್ಪಳಕ್ಕೆ ಬೇಕು ಬಿಸಿಲು, ಮುಖಕ್ಕೆ ಬೇಡ!

ಯುಗಾದಿ ಕಳೆಯಿತೆಂದರೆ ಸಾಕು, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ತಾರಸಿಗಳ ಮೇಲೆ ನಮ್ಮ ರಾಜ್ಯಭಾರ ಶುರು. ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಚೂರು ಇಟ್ಟು, ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ, ಅಕ್ಕಿ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲವನ್ನೂ ಸಾಲಾಗಿ ಹರಡುತ್ತೇವೆ. ಕಾಗೆ ಬಾರದಿರಲಿ ಎಂದು ಪಕ್ಕದಲ್ಲಿ ಒಂದು ಕಪ್ಪು ಛತ್ರಿಯನ್ನೂ ಬಿಚ್ಚಿಡುತ್ತೇವೆ.

ಒಂದು ಕ್ಷಣ ಯೋಚಿಸಿ ನೋಡಿ. ಛತ್ರಿ ಯಾರಿಗೆ? ಹಪ್ಪಳಕ್ಕೆ! ಅದರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತಾ ಸಂಡಿಗೆ ಇಡುವ ನಮ್ಮ ತಲೆಗೆ? ಸೀರೆಯ ಸೆರಗೂ ಇಲ್ಲ.

ತಿಂಗಳು ಕಳೆದ ಮೇಲೆ ಕನ್ನಡಿ ಮುಂದೆ ನಿಂತಾಗ ಗೊತ್ತಾಗುತ್ತದೆ. ಕೆನ್ನೆಯ ಮೇಲೆ, ಹಣೆಯ ಮೇಲೆ, ಮೇಲ್ದುಟಿಯ ಮೇಲೆ ಕಂದು ಛಾಯೆ. ಕೈಗೆ ಬಳೆಯಿಂದಾಚೆ ಒಂದು ಬಣ್ಣ, ಈಚೆ ಒಂದು ಬಣ್ಣ. ಕಾಲಿನ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು. "ಅಯ್ಯೋ, ಬಂಗು ಬಂತಲ್ಲ!" ಎಂದು ಆಗ ಗಾಬರಿ. ಆ ಗಾಬರಿಯಲ್ಲಿ ನಾವು ಮಾಡಿಕೊಳ್ಳುವ ಅವಾಂತರ ಬಿಸಿಲು ಮಾಡಿದ್ದಕ್ಕಿಂತ ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಬಿಸಿಲಿನ ಗುಟ್ಟನ್ನು ತಿಳಿಯೋಣ.

ತಂಪು ಊರಿನ ಮೋಸ

"ನಮ್ಮ ಬೆಂಗಳೂರಿನಲ್ಲಿ ಬಿಸಿಲೆಲ್ಲಿ? ರಾಯಚೂರಿನವರು, ಕಲಬುರಗಿಯವರು ಹೇಳಬೇಕು ಆ ಮಾತನ್ನ" ಎನ್ನುತ್ತೀರಾ? ಇಲ್ಲೇ ನಾವು ಮೋಸಹೋಗುವುದು. ಚರ್ಮವನ್ನು ಕೆಡಿಸುವುದು ಬಿಸಿಲಿನ ಝಳವಲ್ಲ, ಅದರಲ್ಲಿರುವ ನೇರಳಾತೀತ ಕಿರಣ. ಆ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿಯಾಗಿಯೂ ತಾಗದು. ತಂಪು ಗಾಳಿ ಬೀಸುವಾಗಲೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಪದರ ತೆಳುವಾಗುತ್ತದೆ, ಕಿರಣ ಹೆಚ್ಚು ತಾಗುತ್ತದೆ. ಸಾವಿರ ಮೀಟರ್ ಏರಿದರೆ ಶೇಕಡಾ 10ರಷ್ಟು ಹೆಚ್ಚು ಎಂಬುದು ಒಂದು ಲೆಕ್ಕ. ಊರು ತಂಪಾಗಿರುವುದು ಈ ಎತ್ತರದಿಂದ. ಕಿರಣ ಚುರುಕಾಗಿರುವುದಕ್ಕೂ ಅದೇ ಎತ್ತರ ಒಂದು ಕಾರಣ! ಚಿಕ್ಕಮಗಳೂರು, ಮಡಿಕೇರಿ, ಹಾಸನದ ಸೋದರಿಯರೂ ಇದನ್ನು ಗಮನಿಸಬೇಕು. ಮೋಡ ಕವಿದಿದೆ ಎಂದೂ ನೆಮ್ಮದಿ ಬೇಡ. ತೆಳುಮೋಡ ಬಹುಪಾಲು ಕಿರಣವನ್ನು ಹಾಗೆಯೇ ಬಿಟ್ಟುಬಿಡುತ್ತದೆ.

ಈ ಕಿರಣದಲ್ಲಿ ನಮಗೆ ಸಂಬಂಧಿಸಿದ್ದು ಎರಡು ಬಗೆ. ಒಂದು 'ಬಿ', ಮೇಲ್ಚರ್ಮವನ್ನು ಸುಡುವಂಥದ್ದು. ಮಧ್ಯಾಹ್ನ ಇದರ ಆರ್ಭಟ. ಇನ್ನೊಂದು 'ಎ', ಚರ್ಮದ ಆಳಕ್ಕೆ ಇಳಿದು ಸುಕ್ಕು ತರುವಂಥದ್ದು, ಬಣ್ಣ ಕೆಡಿಸುವಂಥದ್ದು. ಇದು ಬೆಳಗಿನಿಂದ ಸಂಜೆಯವರೆಗೂ ಇರುತ್ತದೆ, ಕಿಟಕಿಯ ಗಾಜನ್ನೂ ದಾಟಿ ಒಳಗೆ ಬರುತ್ತದೆ. ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿಯ ಪಕ್ಕ ದಿನಾ ಕೂರುವವರು ಗಾಜು ಮುಚ್ಚಿದೆ ಎಂದು ಸುಮ್ಮನಿರಬೇಡಿ. ಸೆರಗನ್ನು ಆ ಕಡೆಗೆ ಎಳೆದುಕೊಳ್ಳಿ.

ನೆರಳೇ ಗಡಿಯಾರ

ಯಾವ ಹೊತ್ತಿನಲ್ಲಿ ಬಿಸಿಲು ಅಪಾಯ ಎಂದು ತಿಳಿಯಲು ಗಡಿಯಾರ ಬೇಕಾಗಿಲ್ಲ. ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಅಷ್ಟು ಭಯವಿಲ್ಲ. ನಿಮಗಿಂತ ಗಿಡ್ಡವಾಯಿತೋ, ನೀವು ನೆರಳಿಗೆ ಸರಿಯಬೇಕು. ಇಷ್ಟೇ ಸೂತ್ರ. ಮಕ್ಕಳಿಗೂ ಹೇಳಿಕೊಡಿ, ಆಟದಂತೆ ಕಲಿಯುತ್ತವೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್‌ನಲ್ಲಾದರೆ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಇದನ್ನು ಕರೆಯುತ್ತಾರೆ. ಹುಬ್ಬಳ್ಳಿ-ಧಾರವಾಡದವರಿಗೆ ಇದು ಮೇ ಮೊದಲ ವಾರದಲ್ಲಿ, ಕಲಬುರಗಿಯವರಿಗೆ ಎರಡನೆಯ ವಾರದಲ್ಲಿ. ನಾವು ಸಂಡಿಗೆ ಹಾಕಲು ಹುಡುಕುವ 'ಒಳ್ಳೆ ಬಿಸಿಲಿನ' ದಿನಗಳು ಇವೇ, ನೋಡಿದಿರಾ?

ಇನ್ನು ಚಳಿಗಾಲ. ಡಿಸೆಂಬರ್ 21ರ ನಡುಮಧ್ಯಾಹ್ನ ಐದು ಅಡಿ ಎತ್ತರದವರು ಬೆಂಗಳೂರಿನಲ್ಲಿ ನಿಂತರೆ ಅವರ ನೆರಳು ಹೆಚ್ಚುಕಡಿಮೆ ಮೂರೂಮುಕ್ಕಾಲು ಅಡಿ ಮಾತ್ರ. ಅಂದರೆ ವರ್ಷವಿಡೀ ನಮ್ಮ ನಾಡಿನ ಮಧ್ಯಾಹ್ನ ಚರ್ಮಕ್ಕೆ ಬೇಸಗೆಯೇ. ಶಾಲು ಹೊದೆಯುವ ತಿಂಗಳೆಂದು ಛತ್ರಿಯನ್ನು ಅಟ್ಟಕ್ಕೆ ಹಾಕಬೇಡಿ.

ತಾರಸಿಯ ಕೆಲಸ, ಜಾಣತನದಿಂದ

ಹಾಗಾದರೆ ಸಂಡಿಗೆ ಹಾಕುವುದೇ ಬೇಡವೇ? ಖಂಡಿತ ಹಾಕಿ. ಹೊತ್ತನ್ನು ಮಾತ್ರ ಬದಲಿಸಿ. ಹಿಟ್ಟು ಕಾಯಿಸುವ ಕೆಲಸ ಬೆಳಗಿನ ಜಾವವೇ ಮುಗಿಯಲಿ. ಆರೂವರೆಗೆ ತಾರಸಿ ಹತ್ತಿದರೆ ಎಂಟೂವರೆಗೆ ಇಳಿಯಬಹುದು. ಆಮೇಲಿನ ಕೆಲಸ ಸೂರ್ಯನದು, ನಿಮ್ಮದಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಒಂದೊಂದನ್ನೇ ಮಗುಚುವ ಚಪಲ ಬಿಡಿ. ಮಗುಚುವುದು ನಾಲ್ಕೂವರೆಯ ಮೇಲಾದರೂ ಏನೂ ಹಾಳಾಗದು.

ಅನಿವಾರ್ಯವಾಗಿ ಮೇಲೆ ಹೋಗಬೇಕಾದರೆ ಸೆರಗನ್ನು ತಲೆಯ ಮೇಲೆ ಹೊದ್ದು ಕಿವಿ, ಕುತ್ತಿಗೆ ಮುಚ್ಚಿಕೊಳ್ಳಿ. ಬೈತಲೆಯ ಗೆರೆ, ಕತ್ತಿನ ಹಿಂಭಾಗ, ರವಿಕೆಯ ಬೆನ್ನು, ಸೊಂಟದ ಬಳಿಯ ತೆರೆದ ಭಾಗ, ಪಾದದ ಮೇಲ್ಭಾಗ - ಈ ಐದು ಜಾಗಗಳನ್ನು ಎಲ್ಲರೂ ಮರೆಯುತ್ತಾರೆ. ಯಜಮಾನರ ಹಳೆಯ ತುಂಬುತೋಳಿನ ಅಂಗಿ ಒಂದನ್ನು ತಾರಸಿಯ ಬಾಗಿಲ ಮೊಳೆಗೇ ನೇತುಹಾಕಿಬಿಡಿ. ಸೀರೆಯ ಮೇಲೆ ತೊಟ್ಟುಕೊಂಡರೆ ಕೈ, ಬೆನ್ನು, ಸೊಂಟ ಮೂರಕ್ಕೂ ರಕ್ಷಣೆ. ನೋಡಿದವರು ನಕ್ಕರೆ ನಗಲಿ ಬಿಡಿ.

ಬಟ್ಟೆಯಲ್ಲೂ ವ್ಯತ್ಯಾಸವಿದೆ. ಬೆಳಕಿಗೆ ಹಿಡಿದು ನೋಡಿ. ಬೆರಳು ಆಚೆ ಕಾಣುವಷ್ಟು ತೆಳುವಾಗಿದ್ದರೆ ಕಿರಣವೂ ಒಳಗೆ ಬರುತ್ತದೆ. ಒತ್ತಾಗಿ ನೇಯ್ದ, ಗಾಢಬಣ್ಣದ ಬಟ್ಟೆ ಉತ್ತಮ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಅದರ ತಡೆ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ನಿಂಬೆಹುಳಿ ಕೈಯಲ್ಲಿ ಬಿಸಿಲಿಗೆ ಹೋಗಬೇಡಿ!

ಈ ಒಂದು ವಿಷಯವನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಿ, ಕೈ ತೊಳೆಯದೆ ಭರಣಿ ಎತ್ತಿಕೊಂಡು ತಾರಸಿಗೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ ಇರುವ ಒಂದು ಪದಾರ್ಥ ಚರ್ಮದ ಮೇಲೆ ಇದ್ದಾಗ ಬಿಸಿಲು ಬಿದ್ದರೆ ಅಲ್ಲಿ ಸುಟ್ಟಂತೆ ಕೆಂಪಾಗಿ, ಕೆಲವರಿಗೆ ಬೊಬ್ಬೆಯೂ ಬರುತ್ತದೆ. ಅದೂ ಆ ಕ್ಷಣವಲ್ಲ, ಒಂದೆರಡು ದಿನ ಕಳೆದು. ಹೀಗಾಗಿ ಕಾರಣವೇ ಹೊಳೆಯುವುದಿಲ್ಲ. ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗದು. ರಸ ಹರಿದ ದಾರಿಯಲ್ಲೇ ಗೆರೆಗೆರೆಯಾಗಿ ಕಲೆ ಮೂಡುವುದೂ ಉಂಟು.

ಕೈಯನ್ನು ಸೋಪು ಹಾಕಿ ತೊಳೆದೇ ಮೇಲೆ ಹೋಗಿ. ಮುಖ ಬೆಳ್ಳಗಾಗಲಿ ಎಂದು ನಿಂಬೆರಸ, ಕಡಲೆಹಿಟ್ಟು ಕಲಸಿ ಹಚ್ಚಿಕೊಳ್ಳುವವರಿಗೂ ಇದೇ ಎಚ್ಚರಿಕೆ. ಕಡಲೆಹಿಟ್ಟು, ಮೊಸರು ಸಾಕು. ನಿಂಬೆ ಸಾರಿಗಿರಲಿ, ಮುಖಕ್ಕೆ ಬೇಡ.

ಬಸ್ ಸ್ಟಾಪು, ಮಾರುಕಟ್ಟೆ, ಶಾಲೆಯ ಗೇಟು

ತಾರಸಿ ವರ್ಷಕ್ಕೆ ಎರಡು ತಿಂಗಳ ಮಾತು. ದಿನದಿನದ ಬಿಸಿಲು ಬೇರೆಯೇ ಇದೆ. ಮಾರುತಿ ಮಂದಿರದ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಇಪ್ಪತ್ತು ನಿಮಿಷ, ಹಾವನೂರು ಸರ್ಕಲ್ಲಿನಿಂದ ಮನೆವರೆಗೆ ನಡಿಗೆ, ಮಗುವನ್ನು ಶಾಲೆಯಿಂದ ಕರೆತರುವ ನಡುಮಧ್ಯಾಹ್ನ. 2021ರ ಆಗಸ್ಟ್ ಕೊನೆಯಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದ ಮೇಲೆ ಪ್ರಯಾಣವೇನೋ ನೆರಳಿನಲ್ಲಿ, ಆದರೆ ನಿಲ್ದಾಣದಿಂದ ಮನೆಗೆ ಬಿಸಿಲಿನಲ್ಲೇ ಹೋಗಬೇಕಷ್ಟೆ. ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳ ಮುಂಗೈಯಂತೂ ಪಾಪ, ಬಿಸಿಲಿಗೇ ಒಡ್ಡಿದಂತೆ. ಅವರಿಗೆ ತೋಳುಚೀಲ, ಕೈಗವಸು ಕೊಡಿಸಿ.

ಚೀಲದಲ್ಲಿ ಸದಾ ಒಂದು ಮಡಚುವ ಛತ್ರಿ ಇರಲಿ. ಹೂವಿನ ಚಿತ್ತಾರದ ತೆಳ್ಳನೆಯ ಛತ್ರಿಗಿಂತ ನಮ್ಮಜ್ಜನ ಕಾಲದ ದಪ್ಪ ಕಪ್ಪು ಬಟ್ಟೆಯದೇ ಮೇಲು. ಮಂಗಳೂರು ಸೀಮೆಯಲ್ಲಿ ಗದ್ದೆಯಲ್ಲಿ ದುಡಿಯುವವರು ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಳ್ಳುತ್ತಿದ್ದರು. ಬಯಲುಸೀಮೆಯ ರೈತರು ರುಮಾಲು ಸುತ್ತುತ್ತಿದ್ದರು. ಬಿಸಿಲಲ್ಲಿ ದುಡಿಯುವವರಿಗೆ ಬಿಸಿಲಿನ ಮರ್ಮ ಗೊತ್ತಿತ್ತು. ನಾವು ನೆರಳಿನಲ್ಲಿರುವವರು ಮರೆತೆವು, ಅಷ್ಟೆ.

ಗಾಳ ಹಾಕಲು ಹೋಗುವ ಯಜಮಾನರಿಗೆ

ಭಾನುವಾರ ಬಂದರೆ ಕೆಲವು ಮನೆಗಳಲ್ಲಿ ಗಂಡಸರಿಗೆ, ಹುಡುಗರಿಗೆ ಮೀನಿನ ಹುಚ್ಚು. ಗಾಳ, ಎರೆಹುಳು, ಬುತ್ತಿ ಕಟ್ಟಿಕೊಂಡು ಯಾವುದೋ ಕೆರೆಯ ಏರಿಯ ಮೇಲೋ, ಹೊಳೆಯ ದಂಡೆಯಲ್ಲೋ ಕೂತರೆ ಸಂಜೆಯವರೆಗೂ ಏಳುವುದಿಲ್ಲ. ಮೀನು ಬರುತ್ತದೋ ಇಲ್ಲವೋ, ಮೂಗಿನ ತುದಿ ಮಾತ್ರ ಸುಲಿದುಕೊಂಡು ಬರುತ್ತಾರೆ!

ನೀರಿನ ಬಳಿ ಬಿಸಿಲು ಎರಡು ದಿಕ್ಕಿನಿಂದ ಬರುತ್ತದೆ. ಮೇಲಿನಿಂದ ಸೂರ್ಯನದು, ಕೆಳಗಿನಿಂದ ನೀರು ಪ್ರತಿಫಲಿಸುವುದು. ನೀರು ಸುಮಾರು ಹತ್ತನೆಯ ಒಂದು ಪಾಲನ್ನು ತಿರುಗಿಸಿ ಕಳಿಸುತ್ತದೆ, ಒಣ ಮರಳು ಅದಕ್ಕಿಂತ ಹೆಚ್ಚು. ಆದ್ದರಿಂದ ಬರೀ ಟೋಪಿ ಸಾಲದು. ಗದ್ದದ ಕೆಳಗೆ, ಮೂಗಿನ ಕೆಳಗೆ, ಕಿವಿಯ ಹಿಂದೆ ಕಿರಣ ತಾಗುತ್ತದೆ. ತಂಗಾಳಿ ಬೀಸುವುದರಿಂದ ಸುಡುವುದು ಗೊತ್ತೂ ಆಗದು. ಗಾಳ ಹಿಡಿದ ಮುಂಗೈಯಂತೂ ಇಡೀ ದಿನ ಒಂದೇ ಭಂಗಿಯಲ್ಲಿ ಬಿಸಿಲಿಗೆ.

ಅವರ ಬುತ್ತಿಯ ಜೊತೆಗೆ ಇವನ್ನೂ ಕಟ್ಟಿಕೊಡಿ: ಸುತ್ತಲೂ ಅಂಚಿರುವ ಅಗಲ ಟೋಪಿ, ಕುತ್ತಿಗೆಗೆ ಕಟ್ಟಲು ದೊಡ್ಡ ಕರ್ಚೀಫು ಅಥವಾ ಟವೆಲ್ಲು, ತುಂಬುತೋಳಿನ ಅಂಗಿ, ತಂಪು ಕನ್ನಡಕ, ಎರಡು ಬಾಟಲಿ ನೀರು. ಕನ್ನಡಕ ಶೋಕಿಗಲ್ಲ. ವರ್ಷಗಟ್ಟಲೆ ಬಿಸಿಲು ತಾಗಿದ ಕಣ್ಣಿಗೆ ಪೊರೆ ಬೇಗ ಬರುತ್ತದೆ. ನೇರಳಾತೀತ ಕಿರಣವನ್ನು ಪೂರ್ತಿ ತಡೆಯುತ್ತದೆ ಎಂದು ಬರೆದಿರುವ ಕನ್ನಡಕವನ್ನೇ ಕೊಳ್ಳಿ. ಬರೀ ಕಪ್ಪು ಗಾಜಿನಿಂದ ಕಣ್ಣಿನ ಪಾಪೆ ಅಗಲವಾಗಿ ಕಿರಣ ಹೆಚ್ಚೇ ಒಳಗೆ ಹೋದೀತು.

ಸನ್‌ಸ್ಕ್ರೀನ್: ಕೊಳ್ಳುವ ಮುನ್ನ

ಬಟ್ಟೆ, ಛತ್ರಿ, ನೆರಳು - ಈ ಮೂರು ಮೊದಲು. ಇವು ಮುಚ್ಚಲಾರದ ಮುಖ, ಕೈಗೆ ಸನ್‌ಸ್ಕ್ರೀನ್. ಟ್ಯೂಬಿನ ಮೇಲೆ 'ಎಸ್‌ಪಿಎಫ್' ಎಂದು ಬರೆದಿರುತ್ತದೆ. 15 ಎಂದಿದ್ದರೆ ಸುಡುವ ಕಿರಣದ ಶೇಕಡಾ 93ರಷ್ಟನ್ನು ತಡೆಯುತ್ತದೆ, 30 ಎಂದಿದ್ದರೆ 97, 50 ಎಂದಿದ್ದರೆ 98. ನೋಡಿ, 30ರಿಂದ 50ಕ್ಕೆ ಹೋದರೆ ಸಿಗುವ ಲಾಭ ಅಷ್ಟಕ್ಕಷ್ಟೇ. ಹೆಚ್ಚು ದುಡ್ಡು ತೆತ್ತು ದೊಡ್ಡ ಸಂಖ್ಯೆ ಕೊಂಡು ಕಡಲೆಕಾಳಿನಷ್ಟು ಹಚ್ಚುವುದಕ್ಕಿಂತ 30ರದ್ದನ್ನು ಸರಿಯಾಗಿ ಹಚ್ಚಿ. ಎಸ್‌ಪಿಎಫ್ ಹೇಳುವುದು 'ಬಿ' ಕಿರಣದ ಲೆಕ್ಕ. 'ಎ' ಕಿರಣಕ್ಕೂ ತಡೆ ಇದೆಯೇ ಎಂದು 'ಪಿಎ' ಗುರುತನ್ನೂ ಅದರ ಮುಂದಿನ ಕೂಡು ಚಿಹ್ನೆಗಳನ್ನೂ ನೋಡಿ. ಚಿಹ್ನೆ ಹೆಚ್ಚಿದಷ್ಟೂ ಒಳ್ಳೆಯದು.

ಅಳತೆ ಎಷ್ಟು? ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ. ಮುಖ, ಕುತ್ತಿಗೆಗೆ ಅಷ್ಟು ಬೇಕು. ಹೊರಡುವ ಹದಿನೈದು-ಇಪ್ಪತ್ತು ನಿಮಿಷ ಮೊದಲು ಹಚ್ಚಿ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ ಮತ್ತೆ ಹಚ್ಚಬೇಕು.

ಬಂಗು ಇರುವವರಿಗೆ ಒಂದು ವಿಶೇಷ. ಅವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢ ಮಾಡುತ್ತದೆ. ಕಬ್ಬಿಣದ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಇದನ್ನೂ ತಡೆಯುತ್ತದೆ. ರಂಗೋಲಿಯ ಅಂಚಿಗೆ ಬಳಿಯುವ ಕೆಮ್ಮಣ್ಣಿಗೆ ಬಣ್ಣ ಬರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಹಾಗೆಂದು ಕೆಮ್ಮಣ್ಣನ್ನು ಮುಖಕ್ಕೆ ಬಳಿದುಕೊಂಡೀರಿ, ಜೋಕೆ!

ಆ ಅಕ್ಕನ ಕಥೆ

ಈಗ ಮೊದಲು ಹೇಳಿದ ಅವಾಂತರಕ್ಕೆ ಬರೋಣ. ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ. ಹಪ್ಪಳದ ಕೈ ಅಂದರೆ ಅವರದೇ. ಎರಡು ಕೆನ್ನೆಗೂ ಬಂಗು ಬಂದಿತ್ತು. ಮಗಳ ಮದುವೆ ಗೊತ್ತಾಯಿತು. "ಫೋಟೋದಲ್ಲಿ ಹೇಗೆ ನಿಲ್ಲೋದೇ?" ಎಂಬ ಚಿಂತೆ ಹತ್ತಿತು. ಯಾರೋ ಹೇಳಿದರೆಂದು ಅಂಗಡಿಯೊಂದರಿಂದ ಚೀಟಿಯಿಲ್ಲದೆ ಒಂದು ಟ್ಯೂಬು ತಂದರು. ಹದಿನೈದೇ ದಿನಕ್ಕೆ ಮುಖ ಬೆಳ್ಳಗೆ, ನುಣ್ಣಗೆ! ಬೀದಿಯವರೆಲ್ಲ ಹೆಸರು ಕೇಳಿ ಬರೆದುಕೊಂಡರು. ಸುಳ್ಳೇಕೆ, ನಾನೂ ಬರೆದುಕೊಂಡೆ.

ಮೂರು ತಿಂಗಳಾದ ಮೇಲೆ ಒಂದು ದಿನ ಹಾಲಿನ ಬೂತಿನಲ್ಲಿ ಸಿಕ್ಕರು.

"ಏನಕ್ಕಾ, ಮುಖ ಹೀಗೆ ಕೆಂಪಗಾಗಿದೆ?"

"ಒಲೆ ಮುಂದೆ ನಿಲ್ಲಕ್ಕಾಗ್ತಿಲ್ಲ ಕಣೇ, ಉರಿ. ಹಚ್ಚೋದು ಬಿಟ್ಟರೆ ಇನ್ನೂ ಜಾಸ್ತಿ. ಹಚ್ಚಿದರೆ ಒಂದು ದಿನ ತಣ್ಣಗಿರತ್ತೆ."

ಚರ್ಮ ತೆಳುವಾಗಿ ರಕ್ತನಾಳದ ಎಳೆಗಳು ಕಾಣುತ್ತಿದ್ದವು. ಗದ್ದದ ಮೇಲೆ ಕೂದಲು, ಸಣ್ಣ ಗುಳ್ಳೆ. ಮಗಳ ಮದುವೆಯಲ್ಲಿ ಹೋಮದ ಹತ್ತಿರ ಕೂರಲಾಗದೆ, ಧಾರೆಯ ಹೊತ್ತಿಗಷ್ಟೇ ಬಂದು ನಿಂತು, ಸೆರಗಿನಲ್ಲಿ ಮುಖ ಮರೆಮಾಡಿಕೊಂಡು ಒಳಗೆ ಹೋದರು. ಯಾವ ಫೋಟೋಗಾಗಿ ಇಷ್ಟೆಲ್ಲ ಮಾಡಿದರೋ ಆ ಫೋಟೋದಲ್ಲಿ ಅವರೇ ಇಲ್ಲ. ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೆರಾಯ್ಡ್ ಎಂದು ಚರ್ಮದ ಡಾಕ್ಟರು ಹೇಳಿದ ಮೇಲೆಯೇ ಗೊತ್ತಾದದ್ದು. ಚರ್ಮ ಸುಧಾರಿಸಲು ತಿಂಗಳುಗಳೇ ಹಿಡಿದವು. ಬಂಗು ಮಾತ್ರ ಮೊದಲಿಗಿಂತ ಗಾಢವಾಗಿ ಮರಳಿ ಬಂದಿತ್ತು.

ಸೋದರಿಯರೇ, ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬಿಟಾಸಾಲ್, ಮೊಮೆಟಾಸೋನ್ - ಇವು ಸ್ಟೆರಾಯ್ಡುಗಳು. ಕೆಲವು ಚರ್ಮರೋಗಕ್ಕೆ ಇವು ಒಳ್ಳೆಯ ಔಷಧಿಯೇ, ಆದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಹಚ್ಚುವ ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ಹೈಡ್ರೋಕ್ವಿನೋನ್ ಎಂಬ ಕಲೆ ತೆಗೆಯುವ ಔಷಧಿಯೂ ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಹೆಸರು, ತಯಾರಕರ ವಿಳಾಸ ಯಾವುದೂ ಇಲ್ಲದ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಪಾದರಸ ಇರುವುದುಂಟು. ಅದು ಚರ್ಮದ ಮೂಲಕ ಒಳಹೊಕ್ಕು ಮೂತ್ರಪಿಂಡವನ್ನೇ ಕೆಡಿಸೀತು.

ಈಗಾಗಲೇ ತಿಂಗಳುಗಟ್ಟಲೆ ಸ್ಟೆರಾಯ್ಡ್ ಹಚ್ಚುತ್ತಿದ್ದೀರಾ? ಹೆದರಿ ಒಮ್ಮೆಲೇ ಬಿಟ್ಟುಬಿಡಬೇಡಿ. ಟ್ಯೂಬನ್ನೇ ಕೈಯಲ್ಲಿ ಹಿಡಿದು ಜಿಲ್ಲಾಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ ತೋರಿಸಿ. ನಾಚಿಕೆಯೇನೂ ಇಲ್ಲ.

ಬಂಗಿಗೆ ಬಿಸಿಲೊಂದೇ ಕಾರಣವಲ್ಲ. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಇವೂ ಸೇರುತ್ತವೆ. ಬಸಿರಿನಲ್ಲಿ ಬಂದದ್ದು ಹೆರಿಗೆಯ ನಂತರ ತಾನಾಗಿ ತಿಳಿಯಾಗುವುದೂ ಉಂಟು. ಯಾವ ಚಿಕಿತ್ಸೆ ಮಾಡಿದರೂ ಬಿಸಿಲಿನಿಂದ ಕಾಪಾಡಿಕೊಳ್ಳದಿದ್ದರೆ ಅದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಹಾಗಾದರೆ ಬಿಸಿಲೇ ಬೇಡವೇ?

ಬೇಕು. ಮೂಳೆಗೆ ಬೇಕಾದ 'ಡಿ' ಜೀವಸತ್ವವನ್ನು ಚರ್ಮ ಬಿಸಿಲಿನಲ್ಲೇ ತಯಾರಿಸುತ್ತದೆ. ಆದರೆ ಅದಕ್ಕೆ ಗಂಟೆಗಟ್ಟಲೆ ಬೇಯಬೇಕಿಲ್ಲ. ಮುಖ ಮುಚ್ಚಿಕೊಂಡು, ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬಿದ್ದರೆ ಆಯಿತು. ಮೂಳೆನೋವು, ಸುಸ್ತು ಇರುವವರು ರಕ್ತ ಪರೀಕ್ಷೆ ಮಾಡಿಸಿ ವೈದ್ಯರ ಮಾತಿನಂತೆ ಮಾತ್ರೆ ತೆಗೆದುಕೊಳ್ಳಲಿ.

ನಮ್ಮ ಕಂದು ಚರ್ಮಕ್ಕೆ ದೇವರು ಕೊಟ್ಟ ರಕ್ಷಣೆ ಇದೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ತೊನ್ನಿನ ಬಿಳಿ ಭಾಗಕ್ಕೆ ಈ ರಕ್ಷಣೆ ಇಲ್ಲ, ಅಂಥವರು ಹೆಚ್ಚು ಜಾಗ್ರತೆ ವಹಿಸಬೇಕು. ರಕ್ತದೊತ್ತಡದ ಕೆಲವು ಮಾತ್ರೆ, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುವವರಿಗೂ ಬಿಸಿಲು ಬೇಗ ತಾಗುತ್ತದೆ.

ಬಿಸಿಲಿಗೆ ಸುಟ್ಟು ಉರಿಯುತ್ತಿದ್ದರೆ ತಣ್ಣೀರಿನ ಬಟ್ಟೆ ಹಾಕಿ, ಲೋಳೆಸರದ ತಿರುಳು ಸವರಿ, ನೀರು ಕುಡಿಯಿರಿ. ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಬೇಡ. ವಾಸಿಯಾಗದ ಹುಣ್ಣು, ಬಣ್ಣ-ಆಕಾರ ಬದಲಿಸುವ ಮಚ್ಚೆ, ಬಿಸಿಲಿಗೆ ಹೋದಾಗಲೆಲ್ಲ ಮೂಗಿನ ಎರಡೂ ಬದಿಗೆ ಕೆಂಪು ಬಂದು ಕೀಲುನೋವೂ ಇದ್ದರೆ - ಮನೆಮದ್ದು ಬಿಟ್ಟು ವೈದ್ಯರ ಬಳಿ ಹೋಗಿ.

ತಾರಸಿಯಿಂದ ಇಳಿದು ಬಂದವರಿಗೆ: ಕರಬೂಜದ ಪಾನಕ

ಹಣ್ಣಾದ ಕರಬೂಜ ಅರ್ಧ, ಪುಡಿಬೆಲ್ಲ ಅರ್ಧ ಬಟ್ಟಲು, ನೀರು ಮೂರು ಲೋಟ, ಏಲಕ್ಕಿ ಎರಡು, ಚಿಟಿಕೆ ಉಪ್ಪು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ. ಹಣ್ಣಿನ ತಿರುಳನ್ನು ಕೈಯಲ್ಲೇ ಕಿವುಚಿ ಬೆರೆಸಿ. ಏಲಕ್ಕಿ ಪುಡಿ, ಉಪ್ಪು ಹಾಕಿ ಮಣ್ಣಿನ ಹೂಜಿಯಲ್ಲಿ ಅರ್ಧ ಗಂಟೆ ಇಡಿ. ರಾಮನವಮಿಯ ಪಾನಕದ ರುಚಿ ನೆನಪಾಗದಿದ್ದರೆ ಹೇಳಿ!

ಕೊನೆಗೆ ಒಂದು ಮಾತು. ಬಿಸಿಲಿನಿಂದ ಕಾಪಾಡಿಕೊಳ್ಳಿ ಎಂದದ್ದು ಬೆಳ್ಳಗಾಗಲೆಂದಲ್ಲ. ಕಪ್ಪು ರೋಗವಲ್ಲ. ದಶಕಗಳ ಕಾಲ ಮನೆಮನೆಯಲ್ಲಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರೇನೋ ಬದಲಾಯಿತು, ಹೆಣ್ಣು ನೋಡಲು ಬಂದವರ ಕಣ್ಣು ಬದಲಾಗಿದೆಯೇ? ಮೊದಲು ನಮ್ಮ ಕಣ್ಣು ಬದಲಾಗಲಿ. ಆ ಅಕ್ಕ ಈಗ ಚೆನ್ನಾಗಿದ್ದಾರೆ. ಕೆನ್ನೆಯ ಮೇಲೆ ಬಂಗಿನ ಗುರುತು ಇನ್ನೂ ಇದೆ. ಹೋದ ವರ್ಷ ಮೊಮ್ಮಗುವಿನ ನಾಮಕರಣದಲ್ಲಿ ಫೋಟೋದ ನಟ್ಟನಡುವೆ ಅವರೇ ಕೂತಿದ್ದರು. ಈ ಬೇಸಗೆಯಲ್ಲೂ ಅವರ ತಾರಸಿಯ ಮೇಲೆ ಹಪ್ಪಳ ಒಣಗುತ್ತಿದೆ. ಕಪ್ಪು ಛತ್ರಿಗಳು ಮಾತ್ರ ಈಗ ಎರಡು: ಒಂದು ಹಪ್ಪಳಕ್ಕೆ, ಒಂದು ಅವರಿಗೆ.